ಫುಡ್ ಪಾಯಿಸನ್ ಅಂತ ಹೇಳಿದೆವು

ಮೊದಲು ಬಂದದ್ದು ಹೊಟ್ಟೆನೋವು. ಬೆಳಿಗ್ಗೆ ಕಾಲೇಜಿನ ಬಸ್ಸಿಗೆ ಹೊರಡುವ ಹೊತ್ತಿಗೆ ಸರಿಯಾಗಿ ಬರುತ್ತಿತ್ತು. ಭಾನುವಾರ ಬರುತ್ತಿರಲಿಲ್ಲ. ನನ್ನ ಮಗಳು ಹರ್ಷಿತಾ ಆಗ ಹೊಸಕೋಟೆಯಲ್ಲಿ ಮೊದಲ ಪಿಯುಸಿ ಓದುತ್ತಿದ್ದಳು. ಭಾನುವಾರ ರಜೆ ಹಾಕುವ ಹೊಟ್ಟೆನೋವು ಎಲ್ಲಾದರೂ ಇದೆಯೇ ಎಂದು ನಾನು ಅವಳನ್ನು ಆಡಿಕೊಂಡಿದ್ದೆ.

ಸ್ಕ್ಯಾನಿಂಗ್ ಮಾಡಿಸಿದೆವು. ನಾರ್ಮಲ್. ಗ್ಯಾಸ್ಟ್ರಿಕ್ ಮಾತ್ರೆ ಬರೆದುಕೊಟ್ಟರು. ನಮ್ಮತ್ತೆ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿ, ಘಾಟೇ ಬರಲಿಲ್ಲ, ಇದು ದೃಷ್ಟಿಯೇ ಎಂದು ತೀರ್ಮಾನ ಕೊಟ್ಟರು. ಮಾತ್ರೆಗೂ ಹೋಗಲಿಲ್ಲ, ಮೆಣಸಿನಕಾಯಿಗೂ ಹೋಗಲಿಲ್ಲ. ಆಮೇಲೆ ಅವಳಿಗೆ ನಿದ್ದೆ ಕಡಿಮೆಯಾಯಿತು. ಜಡೆ ಹಾಕಿಸಿಕೊಳ್ಳಲು ನನ್ನ ಮುಂದೆ ಬಂದು ಕೂರುವುದನ್ನು ಬಿಟ್ಟಳು. ಮೊಬೈಲಿನಲ್ಲಿ ಒಂದೇ ಸೀರಿಯಲ್ ಅನ್ನು ಮತ್ತೆ ಮತ್ತೆ ನೋಡುತ್ತಿದ್ದಳು. ಟಿವಿಯಲ್ಲಿ ಬಂದಾಗಲೇ ನೋಡಿದ್ದೀಯಲ್ಲ ಎಂದರೆ ಉತ್ತರ ಕೊಡುತ್ತಿರಲಿಲ್ಲ. ವಯಸ್ಸಿಗೆ ಬಂದ ಹುಡುಗಿಯರು ಹೀಗೇ ಎಂದುಕೊಂಡು ನಾನು ನನ್ನ ಹೊಲಿಗೆ ಮಿಷನ್ನಿನ ಮುಂದೆ ಕೂತಿರುತ್ತಿದ್ದೆ.

ಒಂದು ಶನಿವಾರ ಮಧ್ಯಾಹ್ನ ಅವಳು ಸಾಯಲು ಹೊರಟಳು.

ಏನು ಮಾಡಿಕೊಂಡಳು, ಹೇಗೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಆ ಸೀರಿಯಲ್ಲಿನವರು ಎಲ್ಲವನ್ನೂ ತೋರಿಸಿದ್ದರು. ಹಿಂದೆ ವಯಲಿನ್ ಬಾರಿಸಿ ತೋರಿಸಿದ್ದರು. ಅವರ ಕೆಲಸವನ್ನು ನಾನು ಮಾಡುವುದಿಲ್ಲ.

ಕ್ಯಾಶುಯಾಲ್ಟಿಯಲ್ಲಿ ಡ್ಯೂಟಿ ಡಾಕ್ಟರು, ನನ್ನ ಮಗಳಿಗಿಂತ ಹತ್ತು ವರ್ಷ ದೊಡ್ಡವಳಿರಬಹುದು, ನನ್ನ ತೋಳು ಹಿಡಿದು ಕೇಳಿದಳು: "ನಿಜ ಹೇಳಿಬಿಡಿ ಅಮ್ಮ. ಸುಳ್ಳು ಹೇಳಿದ್ರೆ ಟ್ರೀಟ್‌ಮೆಂಟ್ ತಪ್ಪಾಗತ್ತೆ." ಹೇಳಿದೆ. ಹಾಗಾಗಿ ಮಗಳು ಉಳಿದಳು. ಎಂಎಲ್‌ಸಿ, ಅಂದರೆ ಪೊಲೀಸರಿಗೆ ತಿಳಿಸಲೇಬೇಕಾದ ಕೇಸು, ಎಂದು ಬರೆದುಕೊಂಡು ಅವರಿಗೆ ತಿಳಿಸಿದರು. ಒಬ್ಬ ಕಾನ್‌ಸ್ಟೇಬಲ್ ಬಂದು ಹೇಳಿಕೆ ಪಡೆದು ಹೋದ. ಅಲ್ಲಿಗೆ ನಮ್ಮ ನಿಜ ಮುಗಿಯಿತು. ನಮ್ಮ ಯಜಮಾನರು ಕಾರಿಡಾರಿನ ಕಿಟಕಿ ಪಕ್ಕ ನಿಂತು ಅಣ್ಣನಿಗೆ, ಚಿಕ್ಕಪ್ಪನಿಗೆ, ತಾವು ವ್ಯಾನ್ ಓಡಿಸುವ ಫ್ಯಾಕ್ಟರಿಯ ಸೂಪರ್‌ವೈಸರಿಗೆ ಒಂದೇ ಮಾತು ಹೇಳಿದರು. ಫುಡ್ ಪಾಯಿಸನ್. ಹೊರಗೇನೋ ತಿಂದಿದ್ದಾಳೆ. ನನ್ನ ಕಡೆ ನೋಡಿದರು. ನಾನು ತಲೆಯಾಡಿಸಿದೆ. ನಾಳೆ ಮದುವೆಯಾಗಬೇಕಾದ ಹುಡುಗಿ, ಊರವರ ಬಾಯಿಗೆ ಕೊಡುವುದು ಬೇಡ ಎಂದೇ ಇಬ್ಬರೂ ಯೋಚಿಸಿದ್ದು.

ಮಾರನೆಯ ದಿನ ಐಸಿಯುನಲ್ಲಿ ಅವಳು ಕಣ್ಣು ಬಿಟ್ಟಳು. ನೀರು ಕೇಳುತ್ತಾಳೆ ಎಂದು ನಾನು ಬಗ್ಗಿದೆ.

"ಸಿಂಚನಾ ಬಂದಿದ್ಲಾಮ್ಮ?"

ಇಲ್ಲ ಎಂದೆ.

"ಅವಳಿಗೆ ಗೊತ್ತಾಯ್ತಾ? ಅತ್ಲಾ?"

ಈ ಸಿಂಚನಾ ಅಪರಿಚಿತಳಲ್ಲ. ಪಕ್ಕದ ಊರಿನವಳು, ಹೈಸ್ಕೂಲಿನಿಂದ ಇವಳ ಜೊತೆಗೇ ಓದಿದವಳು, ಅದೇ ಬಸ್ಸಿನಲ್ಲಿ ಹೋಗುವವಳು. ಅವಳ ತಾಯಿ ಪುಷ್ಪಕ್ಕ ವರ್ಷಗಳಿಂದ ನನ್ನ ಹತ್ತಿರವೇ ಬ್ಲೌಸ್ ಹೊಲಿಸುತ್ತಾರೆ. ಅವರ ಅಳತೆ ನನಗೆ ಟೇಪು ಇಲ್ಲದೆಯೂ ಗೊತ್ತು.

ಉಳಿದದ್ದು ಕೌನ್ಸೆಲಿಂಗ್ ರೂಮಿನಲ್ಲಿ ತುಂಡು ತುಂಡಾಗಿ ಹೊರಗೆ ಬಂತು. ಆ ಸೀರಿಯಲ್ಲಿನಲ್ಲಿ ದೊಡ್ಡ ಸ್ಕೂಲಿನ ಹುಡುಗಿ ಒಬ್ಬಳಿದ್ದಾಳೆ, ಇಶಾ. ಕ್ಲಾಸಿನವರು ಅವಳನ್ನು ಹುರಿದು ಮುಕ್ಕುತ್ತಾರೆ. ಅರ್ಧ ಕಥೆಗೆ ಅವಳು ಸಾಯುತ್ತಾಳೆ. ಆಮೇಲೆ ಎಪಿಸೋಡಿಗೊಬ್ಬರಂತೆ, ಕಾಡಿದವರೆಲ್ಲ ಮಣ್ಣು ಮುಕ್ಕುತ್ತಾರೆ. ನಮ್ಮ ಬಸ್ಸಿನ ಹುಡುಗಿಯರೆಲ್ಲ ಅದನ್ನು ನೋಡುತ್ತಿದ್ದರು. ಒಂದು ದಿನ ಯಾವುದೋ ಸಣ್ಣ ಮಾತಿಗೆ ಹರ್ಷಿತಾ ಬಸ್ಸಿನಲ್ಲೇ ಅತ್ತಳಂತೆ. ಅಂದಿನಿಂದ ಸಿಂಚನಾ ಮತ್ತು ಅವಳ ಗುಂಪು ಇವಳಿಗೆ ಇಶಾ ಎಂದೇ ಹೆಸರಿಟ್ಟಿತು. ಇವಳ ಅಳುಮುಖದ ಫೋಟೋ ಸ್ಟೇಟಸ್ ಆಯಿತು. ದಿನಾ ಬಸ್ಸು ಹತ್ತುವಾಗ ಒಂದೇ ಪ್ರಶ್ನೆ: "ಬಂದ್ಲು ಇಶಾ. ನಿನ್ ಎಪಿಸೋಡ್ ಯಾವತ್ತೇ?"

ನನ್ನ ಮಗಳಿಗೆ ಆ ಪ್ರಶ್ನೆಗೆ ಉತ್ತರ ಕೊಡಬೇಕು ಅನ್ನಿಸಿಬಿಟ್ಟಿತು.

ಸಿಟ್ಟು ಎಂದರೆ ಏನೆಂದು ಆವರೆಗೆ ನನಗೆ ಗೊತ್ತಿರಲಿಲ್ಲ. ಸಿಂಚನಾಳ ಜಡೆ ಹಿಡಿದು ಹೊಸಕೋಟೆ ಬಸ್ ಸ್ಟ್ಯಾಂಡಿನಲ್ಲಿ ದರದರ ಎಳೆಯುವುದನ್ನು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಎಷ್ಟು ಸಲ ಕಲ್ಪಿಸಿಕೊಂಡೆನೋ. ಅವಳು ಅಳಬೇಕು, ಅವಳ ಅಮ್ಮ ನೋಡಬೇಕು, ಇಡೀ ಬಸ್ಸು ನೋಡಬೇಕು. ಆದರೆ ಎಳೆದರೆ ಯಾಕೆ ಎಂದು ಜನ ಕೇಳುತ್ತಾರೆ. ಯಾಕೆ ಎಂದು ಹೇಳಿದರೆ ಫುಡ್ ಪಾಯಿಸನ್ ಸುಳ್ಳಾಗುತ್ತದೆ. ನಮ್ಮ ಬಾಯಿಗೆ ನಾವೇ ಬೀಗ ಹಾಕಿಕೊಂಡಿದ್ದೆವು.

ಡಿಸ್ಚಾರ್ಜ್ ಆಗಿ ಮನೆಗೆ ಬಂದ ಮೇಲೆ ನೋಡಲು ಬರುವವರು ಶುರುವಾದರು. ನಮ್ಮ ಕಡೆ ಯಾರಾದರೂ ಮಲಗಿದ್ದಾರೆ ಎಂದರೆ ಬ್ರೆಡ್ಡು, ಎಳನೀರು, ಮೂಸಂಬಿ ಹಿಡಿದು ಬಂದೇ ಬರುತ್ತಾರೆ. ಬರದಿದ್ದರೆ ಮಾತು ಬರುತ್ತದೆ. ಪುಷ್ಪಕ್ಕನೂ ಬಂದರು. ಹಿಂದೆಯೇ ಸಿಂಚನಾ.

ಕಾಫಿ ಮಾಡಿ ಕೊಟ್ಟೆ.

ನನ್ನ ಕೈಯಾರೆ ಆ ಹುಡುಗಿಗೆ ಲೋಟ ಕೊಟ್ಟೆ. ಸಕ್ಕರೆ ಸಾಕಾ ಎಂದು ಬೇರೆ ಕೇಳಿದೆ. ಪುಷ್ಪಕ್ಕ ನನ್ನ ಮಗಳ ಹಣೆ ಸವರಿ, "ಕಂಡಕಂಡಿದ್ದೆಲ್ಲಾ ತಿನ್ಬಾರ್ದು ಕಣಮ್ಮಿ, ನಿಮ್ಮಮ್ಮ ಎಷ್ಟು ಹೆದರ್ಕೊಂಡವ್ಳೆ ನೋಡು" ಎಂದರು. ಸಿಂಚನಾ ಮಂಚದ ತುದಿಯಲ್ಲಿ ಕೂತು, ಮಿಸ್ ಆದ ಟೆಸ್ಟುಗಳ ಬಗ್ಗೆ ಹೇಳಿದಳು. ಗೋಬಿ ತಿಂದ್ಯಾ, ಪಾನಿಪೂರಿ ತಿಂದ್ಯಾ ಎಂದು ಕೇಳಿ ನಕ್ಕಳು. ಹರ್ಷಿತಾ ಗೋಡೆ ಕಡೆ ನೋಡುತ್ತಿದ್ದಳು. ಇವಳು ಸಾಯಲು ಹೊರಟದ್ದೇ ಯಾರು ನೋಡಿ ಅಳಲಿ ಎಂದೋ, ಆ ಸಿಂಚನಾಳಿಗೇ ಅದು ಗೊತ್ತಿರಲಿಲ್ಲ. ಗೊತ್ತಾಗದಂತೆ ಮಾಡಿದ್ದವರು ನಾವು. ಹೊರಡುವಾಗ ಪುಷ್ಪಕ್ಕ ಚೀಲದಿಂದ ರೇಷ್ಮೆ ಬ್ಲೌಸ್ ಪೀಸು ತೆಗೆದರು. ಅವರ ಹೊಸ ಮನೆಯ ಗೃಹಪ್ರವೇಶವಿತ್ತು. ನಿಧಾನಕ್ಕೆ ಹೊಲಿ, ಮಗು ಮೊದಲು ಎಂದರು. ನಾನು ನಗುತ್ತಾ ತೆಗೆದುಕೊಂಡೆ.

ಮುಂದಿನ ಫಾಲೋಅಪ್‌ನಲ್ಲಿ ಸೈಕಿಯಾಟ್ರಿಸ್ಟ್ ಹತ್ತಿರ ನೇರವಾಗಿ ಕೇಳಿದೆ, ಆ ಸೀರಿಯಲ್ ಮತ್ತು ಆ ಹುಡುಗಿ, ಇವೆರಡೇ ಅಲ್ಲವೇ ಕಾರಣ ಎಂದು. ಅವರು ಪೆನ್ನು ಕೆಳಗಿಟ್ಟರು.

"ಒಂದೇ ಕಾರಣ ಅಂತ ಇರಲ್ಲಮ್ಮ. ಆ ಹೊಟ್ಟೆನೋವೇ ಡಿಪ್ರೆಶನ್ ಆಗಿತ್ತು. ಅವರು ಮಾಡಿದ್ದು ತಪ್ಪೇ. ಆದ್ರೆ ನೀವು ಒಬ್ಬರ ಕುತ್ತಿಗೆ ಹಿಡ್ಕೊಂಡು ಕೂತ್ರೆ ನಿಮ್ಮ ಮಗಳ ಕೈ ಹಿಡ್ಕೊಳೋರು ಯಾರು?"

ಒಳ್ಳೆಯ ಡಾಕ್ಟರು. ಆದರೂ ಆ ದಿನ ಅವರ ಮೇಲೂ ಸಿಟ್ಟು ಬಂತು. ಅವರಿಗೆ ಹತ್ತು ಕಾರಣ ಬೇಕಿತ್ತು, ನನಗೆ ಒಂದು ಕುತ್ತಿಗೆ ಬೇಕಿತ್ತು.

ಹರ್ಷಿತಾ ಮಾತ್ರೆ ನುಂಗಿ ಮಧ್ಯಾಹ್ನ ಮಲಗಿದಾಗ, ಮೊಬೈಲನ್ನು ಮಿಷನ್ನಿಗೆ ಒರಗಿಸಿಟ್ಟುಕೊಂಡು ನಾನು ಆ ಸೀರಿಯಲ್ ನೋಡತೊಡಗಿದೆ. ಉಗಿಯಲೆಂದೇ ನೋಡಿದ್ದು. ಇಶಾ ಸತ್ತ ಮೇಲೆ ಅವಳನ್ನು ಎಲ್ಲರಿಗಿಂತ ಹೆಚ್ಚು ಕಾಡಿದ ಹುಡುಗಿ ಸ್ಕೂಲಿನ ಅಂಗಳದಲ್ಲಿ ಇಶಾಳ ಫೋಟೋದ ಮುಂದೆ ಬಿದ್ದು ಹೊರಳಾಡಿ ಅಳುವ ಎಪಿಸೋಡು ಬಂತು. ನಾನು ಮಿಷನ್ ನಿಲ್ಲಿಸಿದೆ. ಬೇಕು ನಿನಗೆ, ಇನ್ನೂ ಅಳು, ಎಂದು ಬಾಯಿಬಿಟ್ಟು ಹೇಳಿದೆ. ಹಿಂದಕ್ಕೆ ಹಾಕಿ ಇನ್ನೊಂದು ಸಲ ನೋಡಿದೆ. ಆಸ್ಪತ್ರೆಯಿಂದ ಬಂದ ಮೇಲೆ ಮೊದಲ ಸಲ ಮನಸ್ಸಿಗೆ ಹಾಯೆನಿಸಿತು.

ಇದೇ ಜಾಗದಲ್ಲಿ ನನ್ನ ಮಗಳಿಗೂ ಹಾಯೆನಿಸಿತ್ತು.

ಫೋಟೋದಲ್ಲಿ ಇಶಾ ನಗುತ್ತಲೇ ಇರುತ್ತಾಳೆ, ಸತ್ತಿದ್ದಾಳೆ ಅನ್ನಿಸುವುದೇ ಇಲ್ಲ, ಎಲ್ಲವನ್ನೂ ನಿಂತು ನೋಡುತ್ತಿದ್ದಾಳೆ ಅನ್ನಿಸುತ್ತದೆ. ಮುಂದಿನ ಎಪಿಸೋಡಿನಲ್ಲಿ ಕಥೆ ಇನ್ನೊಂದು ಮಗ್ಗುಲಿಗೆ ಹೊರಳುತ್ತದೆ. ಆ ಕಾಡಿದ ಹುಡುಗಿಯನ್ನು ಅವಳಪ್ಪ ಬೆಲ್ಟಿನಲ್ಲಿ ಹೊಡೆಯುತ್ತಿದ್ದ ಎಂದು ತೋರಿಸಿ, ಈಗ ಇವಳಿಗೂ ಮರುಗಿ ಎನ್ನುತ್ತಾರೆ. ಯಾರೂ ಪೂರ್ತಿ ಕೆಟ್ಟವರಲ್ಲ, ಯಾರೂ ಪೂರ್ತಿ ಒಳ್ಳೆಯವರಲ್ಲ ಎಂದು ಹೇಳುವುದು ದೊಡ್ಡ ಕಥೆಯೇ ಇರಬಹುದು. ಅದನ್ನು ಒಪ್ಪುವ ಸ್ಥಿತಿಯಲ್ಲಿ ನಾನಿರಲಿಲ್ಲ. ನನ್ನ ಕಣ್ಣು ಬೇರೆ ಏನನ್ನೋ ಹುಡುಕುತ್ತಿತ್ತು. ಇಶಾಳ ತಾಯಿ ಎಲ್ಲಿ? ಒಂದೇ ಒಂದು ಸಲ ಬಿಳಿ ಸೀರೆಯಲ್ಲಿ ಬಂದು ಫೋಟೋಗೆ ಹಾರ ಹಾಕಿ ಹೋಗುತ್ತಾಳೆ. ಆ ದಿನ ಅವಳು ಊಟ ಮಾಡಿದಳೇ, ಮಗಳ ಚಪ್ಪಲಿಯನ್ನು ಏನು ಮಾಡಿದಳು, ಬೀದಿಯವರಿಗೆ ಏನೆಂದು ಹೇಳಿದಳು, ಯಾವುದೂ ಇಲ್ಲ. ಕಥೆ ಬರೆದವರಿಗೆ ಅವಳಿಂದ ಏನೂ ಆಗಬೇಕಿರಲಿಲ್ಲ.

ಇಷ್ಟೆಲ್ಲ ಅರ್ಥವಾಯಿತು. ಆದರೂ ಸಿಟ್ಟು ಇಳಿಯಲಿಲ್ಲ. ಪುಷ್ಪಕ್ಕನ ರೇಷ್ಮೆ ಬಟ್ಟೆ ಎದುರಿಗೇ ಇತ್ತು.

ಕಂಕುಳ ಹತ್ತಿರ ಬಿಗಿ ಮಾಡಿ ಹೊಲಿದೆ. ತೊಟ್ಟಾಗ ಸರಿಯಾಗಿಯೇ ಕಾಣುವಂತೆ, ಆದರೆ ಆರತಿ ತಟ್ಟೆ ಎತ್ತಲು ಕೈ ಮೇಲೆ ಹೋದರೆ ಬಿರಿಯುವಂತೆ. ಮುಂದೆ ಸಡಿಲ ಮಾಡಿಕೊಳ್ಳಲಿ ಎಂದು ಒಳಗೆ ಬಟ್ಟೆ ಬಿಟ್ಟಿರುತ್ತೇವಲ್ಲ, ಅದನ್ನೂ ಕತ್ತರಿಸಿಬಿಡಬೇಕು ಎಂದಿದ್ದೆ. ತುಂಬಿದ ಮನೆಯಲ್ಲಿ, ನೂರು ಜನರೆದುರು, ಹೆತ್ತವಳ ಮಾನ ಹೋಗಲಿ. ನನ್ನ ಮಾನ ಹೋಗಿದ್ದರೆ ಇವಳು ಎಳನೀರು ತಂದಿರುತ್ತಿದ್ದಳು, ಅಷ್ಟೇ. ಕತ್ತರಿ ಹಾಕುವುದೊಂದು ಬಾಕಿಯಿತ್ತು.

ಕೈಗೆ ಸಣ್ಣ ಕೆಲಸ ಕೊಡಿ ಎಂದು ಡಾಕ್ಟರು ಹೇಳಿದ್ದರಿಂದ, ಹುಕ್ಕು ಹಾಕುವುದನ್ನೆಲ್ಲ ಹರ್ಷಿತಾಳೇ ಮಾಡುತ್ತಿದ್ದಳು. ಇದನ್ನು ನಾನು ಬೇರೆ ಇಟ್ಟಿದ್ದೆ. ಅವಳೇ ಹುಡುಕಿ ತೆಗೆದುಕೊಂಡು ಕೂತಳು. ಸ್ವಲ್ಪ ಹೊತ್ತಿಗೆ ಸೂಜಿ ನಿಲ್ಲಿಸಿದಳು. ಚಿಕ್ಕಂದಿನಿಂದ ನನ್ನ ಪಕ್ಕ ಕೂತು ಬೆಳೆದವಳು, ಬಟ್ಟೆ ಅವಳಿಗೂ ಗೊತ್ತಾಗುತ್ತದೆ.

"ಅಮ್ಮಾ, ಕಂಕುಳು ಬಿಗಿಯಾಯ್ತು. ಆಂಟಿ ಕೈ ಎತ್ತಕ್ಕಾಗಲ್ಲ."

"ಎತ್ತದೆ ಇರ್ಲಿ."

ಅವಳು ನನ್ನ ಮುಖವನ್ನೇ ನೋಡಿದಳು.

"ಆಂಟಿ ಏನ್ ಮಾಡಿದ್ರು?"

"ಹೆತ್ತವ್ಳಲ್ಲ, ಸಾಕು."

ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಹೇಳಿದಳು. ಹತ್ತನೇ ಕ್ಲಾಸಿನಲ್ಲಿ ಭವ್ಯಾ ಎಂಬ ಹುಡುಗಿ ಇದ್ದಳಂತೆ. ಅವಳಿಗೆ ವಾಸನೆ ಬರುತ್ತದೆ ಎಂದು ಅವಳು ಬಂದಾಗಲೆಲ್ಲ ಮೂಗು ಮುಚ್ಚಿಕೊಳ್ಳುತ್ತಿದ್ದರಂತೆ. ಶುರು ಮಾಡಿದ್ದು ಸಿಂಚನಾ. ಮೊದಲು ನಕ್ಕು, ಆಮೇಲೆ ತಾನೂ ಮೂಗು ಮುಚ್ಚಿದ್ದು ನನ್ನ ಮಗಳು. ಆ ಹುಡುಗಿ ಪರೀಕ್ಷೆಗೂ ಮೊದಲೇ ಸ್ಕೂಲು ಬಿಟ್ಟಳು.

"ಹಂಗಾದ್ರೆ ಭವ್ಯಾಳ ಅಮ್ಮ ನಿಂಗೆ ಏನ್ ಮಾಡ್ಬೇಕಮ್ಮ, ಹೇಳು. ನನ್ನ ಹೆತ್ತಿದೀಯಲ್ಲ."

ಅವಳ ಮೇಲೂ ಒಂದು ಕ್ಷಣ ಸಿಟ್ಟು ಬಂತು, ಸುಳ್ಳು ಹೇಳುವುದಿಲ್ಲ. ನನ್ನ ಸೇಡು ನನಗೆ ನೀಟಾಗಿ ಬೇಕಿತ್ತು, ಅವಳು ಅದಕ್ಕೆ ಮಸಿ ಹಚ್ಚಿಬಿಟ್ಟಳು. ಬ್ಲೌಸ್ ಕಿತ್ತುಕೊಂಡು ಹೊಲಿಗೆ ಬಿಚ್ಚಿದೆ. ಬೈದುಕೊಳ್ಳುತ್ತಲೇ ಬಿಚ್ಚಿ, ಸರಿಯಾದ ಅಳತೆಗೆ ಮತ್ತೆ ಹೊಲಿದೆ.

ಬ್ಲೌಸ್ ಕೊಡಲು ನಾನೂ ಬರುತ್ತೇನೆ ಎಂದು ಅವಳೇ ಹೊರಟಳು. ಯಾರಿಗೆ ಹೇಳಬೇಕು, ಯಾರಿಗೆ ಬೇಡ ಎನ್ನುವುದು ಅವಳ ತೀರ್ಮಾನ ಎಂದು ಡಾಕ್ಟರು ಹೇಳಿದ್ದರು. ಯಜಮಾನರು ಬೇಡ ಎಂದರು. ಅವಳು ಚಪ್ಪಲಿ ಮೆಟ್ಟಿದಳು. ಪುಷ್ಪಕ್ಕನ ಹೊಸ ಮನೆಯಲ್ಲಿ ಇನ್ನೂ ಪೇಂಟಿನ ವಾಸನೆ ಇತ್ತು. ಸಿಂಚನಾ ಬಾಗಿಲ ಹತ್ತಿರ ನಿಂತಿದ್ದಳು.

"ನಂಗಾಗಿದ್ದು ಫುಡ್ ಪಾಯಿಸನ್ ಅಲ್ಲ ಕಣೇ. ನಾನೇ ಮಾಡ್ಕೊಂಡಿದ್ದು. ನೀನು ದಿನಾ ಕೇಳ್ತಿದ್ದಲ್ಲ, ಯಾವತ್ತು ಅಂತ."

ಪುಷ್ಪಕ್ಕ ಮೆಟ್ಟಿಲ ಮೇಲೆ ಕೂತು, ಏನು ಕೇಳುತ್ತಿದ್ದೆ ಎಂದು ಮಗಳನ್ನು ಕೇಳಿದರು. ಸಿಂಚನಾಳ ಮುಖ ಕೆಂಪಾಯಿತು. ಬಾಗಿಲ ಚೌಕಟ್ಟಿನ ಪೇಂಟನ್ನು ಉಗುರಿನಿಂದ ಕೆರೆಯುತ್ತಾ ಹೇಳಿದಳು: "ತಮಾಷೆಗೆ ಕಣೇ ಅಂದಿದ್ದು. ಎಲ್ರೂ ಅಂತಿದ್ರು."

ಅಳಲಿಲ್ಲ.

ಇಷ್ಟು ದಿನ ಕೂಡಿಟ್ಟ ಬೈಗುಳಗಳೆಲ್ಲ ಬಾಯಿಗೆ ಬಂದು ನಿಂತವು. ಮಗಳು ಪಕ್ಕದಲ್ಲಿದ್ದಳು. ಒಂದೇ ಮಾತು ಆಡಿದೆ.

"ನಿಮ್ ಮಗಳಿಗೆ ಶಾಪ ಹಾಕಿದೀನಿ ಪುಷ್ಪಕ್ಕ. ಅದನ್ನ ವಾಪಸ್ ತಗೊಳಲ್ಲ."

ಅವರು ತಲೆ ಎತ್ತಲಿಲ್ಲ. ಬ್ಲೌಸನ್ನು ಅವರ ಪಕ್ಕದಲ್ಲಿಟ್ಟು ಬಂದೆವು.

ಬರುವ ದಾರಿಯಲ್ಲಿ ಹರ್ಷಿತಾ ಸುಮಾರು ದೂರ ನನಗಿಂತ ಮುಂದೆ ನಡೆದಳು. ಆಮೇಲೆ ಕೇಳಿದಳು.

"ನಾನು ಸತ್ತಿದ್ರೂ ಅವಳು ಹಿಂಗೇ ಬಾಗಿಲಲ್ಲಿ ನಿಂತಿರ್ತಿದ್ಲು ಅಲ್ವೇನಮ್ಮ? ತಮಾಷೆಗೆ ಅಂದಿದ್ದು ಅಂತಿದ್ಲು."

"ಹೂಂ. ಅಷ್ಟೇ ಅಂತಿದ್ಲು."

"ಅದನ್ನ ನೋಡಕ್ಕೆ ನಾನೂ ಇರ್ತಿರ್ಲಿಲ್ಲ."

ರಸ್ತೆ ಮಧ್ಯೆಯೇ ಅವಳ ಕೈ ಹಿಡಿದುಕೊಂಡೆ. ಹದಿನೇಳು ವರ್ಷದವಳು, ಬಿಡಿಸಿಕೊಳ್ಳಲಿಲ್ಲ.

ಈಗ ಊರಿಗೆಲ್ಲ ಗೊತ್ತು. ಹಿಂದೆ ಆಡಿಕೊಳ್ಳುವವರು ಆಡಿಕೊಳ್ಳುತ್ತಾರೆ. ಮಾತ್ರೆ ನಡೆಯುತ್ತಿದೆ, ತಿಂಗಳಿಗೊಮ್ಮೆ ಓಪಿಡಿಗೆ ಹೋಗುತ್ತೇವೆ. ಕೆಲವು ಬೆಳಿಗ್ಗೆ ಹೊಟ್ಟೆನೋವು ಮತ್ತೆ ಬರುತ್ತದೆ, ಆಗ ನಾನು ಆಡಿಕೊಳ್ಳುವುದಿಲ್ಲ, ಪಕ್ಕದಲ್ಲಿ ಕೂತು ಕೇಳುತ್ತೇನೆ. ಭವ್ಯಾಳ ನಂಬರಿಗಾಗಿ ಹರ್ಷಿತಾ ಹಳೆಯ ಗೆಳತಿಯರನ್ನೆಲ್ಲ ಕೇಳಿದ್ದಾಳೆ, ಇನ್ನೂ ಸಿಕ್ಕಿಲ್ಲ. ಪುಷ್ಪಕ್ಕ ಈಗ ಬೇರೆ ಕಡೆ ಹೊಲಿಸುತ್ತಾರೆ. ಸಿಂಚನಾ ಬಸ್ಸಿನಲ್ಲಿ ಹಿಂದಿನ ಸೀಟಿಗೆ ಹೋಗಿದ್ದಾಳಂತೆ. ಹೋಗಲಿ. ನಾನು ಅವಳನ್ನು ಕ್ಷಮಿಸಿಲ್ಲ. ದೊಡ್ಡ ಮನಸ್ಸು ಮಾಡು ಎಂದವರಿಗೆ, ನನ್ನ ಮನಸ್ಸು ಇರುವುದೇ ಇಷ್ಟು ಎಂದು ಹೇಳಿ ಕಳಿಸಿದ್ದೇನೆ.

ಆದರೆ ಇಷ್ಟು ಗೊತ್ತಾಗಿದೆ. ಮಗಳು ಹೋಗಿದ್ದರೆ ಸಿಟ್ಟು ಮಾಡಿಕೊಂಡು ಕೂರುವ ಈ ಭಾಗ್ಯವೂ ನನಗೆ ಇರುತ್ತಿರಲಿಲ್ಲ. ಇದನ್ನು ಬರೆಯುತ್ತಿರುವಾಗ ಅವಳು ಒಳಗಿನ ರೂಮಿನಿಂದ ಎರಡು ಸಲ ಕೂಗಿದ್ದಾಳೆ, ತಲೆ ಬಾಚಬೇಕಂತೆ, ಬಸ್ಸಿಗೆ ಹೊತ್ತಾಯಿತಂತೆ. ಸಿಟ್ಟು ಕಾಯಲಿ. ನಾನು ಹೋಗುತ್ತೇನೆ.