ಸೀಟಿನಡಿಯ ಕಾದಂಬರಿಗೆ ನಾಲ್ಕು ಸಾಲಿನ ಚೀಟಿ

ಬೆಳಗಿನ ಐದು ಗಂಟೆ ಹತ್ತು ನಿಮಿಷ. ರಾತ್ರಿಯಿಡೀ ಓಡಿ ಬಂದ ರೈಲು ಜನರನ್ನೆಲ್ಲ ಇಳಿಸಿ, ಯಾರ್ಡಿನ ಮೂರನೇ ಹಳಿಯ ಮೇಲೆ ದಣಿದ ಎತ್ತಿನಂತೆ ನಿಂತಿದೆ. ಒಂದು ಕೈಯಲ್ಲಿ ಪೊರಕೆ, ಇನ್ನೊಂದರಲ್ಲಿ ಬಕೆಟ್ಟು, ಹೆಗಲ ಮೇಲೆ ಕಸದ ಚೀಲಗಳ ಸುರುಳಿ ಹೊತ್ತ ಹೆಂಗಸೊಬ್ಬರು ಏಳನೇ ಬೋಗಿಯ ಎತ್ತರದ ಮೆಟ್ಟಿಲು ಹತ್ತುತ್ತಾರೆ. ಸೀಟಿನ ಮುಂದೆ ಮಂಡಿಯೂರಿ, ಪುಟ್ಟ ಟಾರ್ಚನ್ನು ಹಲ್ಲಲ್ಲಿ ಕಚ್ಚಿಕೊಂಡು ಕೆಳಗೆ ಇಣುಕುತ್ತಾರೆ. ನೀರಿನ ಬಾಟಲಿ, ಕಡಲೆಕಾಯಿ ಸಿಪ್ಪೆ, ಮಗುವಿನ ಒಂಟಿ ಕಾಲುಚೀಲ. ನಲವತ್ತೊಂದನೇ ಸೀಟಿನ ಕೆಳಗೆ ಕೈಗೆ ಏನೋ ತಗಲುತ್ತದೆ. ಟಾರ್ಚು ಬಾಯಿಂದ ಕೈಗೆ ಬರುತ್ತದೆ, ಮುಖ ಅರಳುತ್ತದೆ.

ಸಿಕ್ಕಿದ್ದು ಒಂದು ಪತ್ತೇದಾರಿ ಕಾದಂಬರಿ. ನಡುವೆ ಗುರುತಿಗೆಂದು ಬಾಚಣಿಗೆ ಸಿಕ್ಕಿಸಿದ್ದಾರೆ.

"ಅಯ್ಯೋ ಪಾಪ, ಇನ್ನೂರ ಹನ್ನೆರಡಕ್ಕೆ ನಿಂತಿದ್ದಾರೆ! ಇನ್ನು ಮೂವತ್ತೇ ಪುಟ ಇತ್ತು. ಕೊಂದಿದ್ದು ಯಾರು ಅಂತ ಗೊತ್ತಾಗ್ದೆ ಇಳಿದು ಹೋಗಿದ್ದಾರಲ್ಲ, ಇವತ್ತು ಆಫೀಸಲ್ಲಿ ಕೆಲಸ ಮಾಡಿದ ಹಾಗೇ!" ಎಂದು ನಗುತ್ತಾ ಪುಸ್ತಕದ ಧೂಳನ್ನು ಸೆರಗಿಗೆ ಒರೆಸುತ್ತಾರೆ.

ಯಾರ್ಡಿನಲ್ಲಿ ಈಕೆಯನ್ನು ಎಲ್ಲರೂ ಕರೆಯುವುದು 'ಕ್ಲೈಮ್ಯಾಕ್ಸ್ ಅಕ್ಕ' ಎಂದು. ಹದಿನಾಲ್ಕು ವರ್ಷದಿಂದ ಗುತ್ತಿಗೆಯ ಮೇಲೆ ಬೋಗಿ ಗುಡಿಸುವ ಕೆಲಸ. ದಿನಕ್ಕೆ ಐದು ಬೋಗಿ, ಬೋಗಿಗೆ ಎಪ್ಪತ್ತೆರಡು ಸೀಟು. "ಮುನ್ನೂರರವತ್ತು ಸಲ ಬಗ್ಗಬೇಕು. ಮಂಡಿ ನನ್ನ ಮಾತು ಕೇಳೋದು ಬಿಟ್ಟು ಎಷ್ಟೋ ವರ್ಷ ಆಯ್ತು. ನಾನೂ ಅದರ ಮಾತು ಕೇಳಲ್ಲ," ಎನ್ನುತ್ತಾರೆ. ಏಳೂವರೆಯ ಹೊತ್ತಿಗೆ ರೈಲು ಮತ್ತೆ ಹೊರಡಲು ಸಿದ್ಧವಾಗಿರಬೇಕು. ಅಷ್ಟರೊಳಗೆ ಗುಡಿಸಿ, ಒರೆಸಿ, ಬಚ್ಚಲು ತೊಳೆದು, ಹದಿನೈದು ಚೀಲ ಕಸ ಇಳಿಸಿ, ಕೈಕಾಲು ತೊಳೆದುಕೊಂಡು ಅಕ್ಕ ಹೋಗುವುದು ಕಳೆದ ವಸ್ತುಗಳ ಕಚೇರಿಗೆ.

ಕಚೇರಿ ಎಂದರೆ ಟಿಕೆಟ್ ಕೌಂಟರಿನ ಹಿಂದಿನ ಒಂದು ಕಿಟಕಿಯ ಕೋಣೆ. ಅಲ್ಲಿ ಛತ್ರಿಗಳ ರಾಶಿ, ಕನ್ನಡಕದ ಡಬ್ಬಿಗಳು, ಯಾರೂ ಕೇಳಿಕೊಂಡು ಬಾರದ ಒಂದು ಜೊತೆ ಕಟ್ಟಿಸಿದ ಹಲ್ಲು, ಇವುಗಳ ನಡುವೆ ನಿವೃತ್ತಿಗೆ ಎರಡು ವರ್ಷ ಉಳಿದಿರುವ ಗುಮಾಸ್ತರು. ಸಿಕ್ಕಿದ ಪ್ರತಿ ವಸ್ತುವಿಗೂ ಒಂದು ಚೀಟಿ ಕಟ್ಟಿ ಮೂರು ತಿಂಗಳು ಇಡಬೇಕು. ಯಾರೂ ಬರದಿದ್ದರೆ ಪುಸ್ತಕವಾದರೆ ರದ್ದಿಗೆ. ಚೀಟಿಯಲ್ಲಿ ತಾರೀಕು, ಬೋಗಿ, ಸೀಟು, ಕೊನೆಯಲ್ಲಿ 'ವಸ್ತುವಿನ ವಿವರ'. ಗುಮಾಸ್ತರು ಅಲ್ಲಿ ಬರೆಯುತ್ತಿದ್ದದ್ದು ಒಂದೇ ಪದ: ಪುಸ್ತಕ. ಒಮ್ಮೆ ಹೀಗೆಯೇ ಒಂಬತ್ತು 'ಪುಸ್ತಕ'ಗಳು ಕೂಡಿ ಬಿದ್ದು, ಯಾರದು ಯಾವುದೆಂದು ತಿಳಿಯದೆ ರಂಪವಾಯಿತು. ಬೇಸತ್ತ ಗುಮಾಸ್ತರು, "ಓದೋಳು ನೀನು, ವಿವರಾನೂ ನೀನೇ ಬರಿ," ಎಂದು ಪೆನ್ನನ್ನು ಅಕ್ಕನ ಮುಂದೆ ತಳ್ಳಿದರು. ಅಕ್ಕ ಆ ಮಾತನ್ನು ಅಕ್ಷರಶಃ ತೆಗೆದುಕೊಂಡರು.

ಓದುವ ಚಟ ಹತ್ತಿದ ಕತೆ ಬೇರೆಯೇ ಇದೆ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟ ಅಕ್ಕನಿಗೆ ಆಮೇಲೆ ಓದಲು ಸಿಕ್ಕಿದ್ದು ಅಂಗಡಿ ಬೋರ್ಡುಗಳು ಮಾತ್ರ. ಮನೆಯಲ್ಲಿ ಓದುವ ಗೀಳಿದ್ದದ್ದು ಅತ್ತೆಗೆ. ಬೆಂಕಿಪೊಟ್ಟಣದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದ ಅವರು, ಸಂಜೆ ಬಂದು ವಾರಪತ್ರಿಕೆಯ ಧಾರಾವಾಹಿ ಓದದೆ ಅನ್ನಕ್ಕೆ ಕೈ ಇಡುತ್ತಿರಲಿಲ್ಲ. ಆರು ವರ್ಷದ ಹಿಂದೆ ಅವರ ಎರಡೂ ಕಣ್ಣಿನ ನೋಟ ಹೋಯಿತು. "ಮೂರು ತಿಂಗಳು ಗೋಡೆ ಕಡೆ ತಿರುಗಿ ಮಲಗಿಬಿಟ್ರು. ಮಗ ಕರೆದ್ರೂ ಇಲ್ಲ, ನಾನು ಕರೆದ್ರೂ ಇಲ್ಲ. ನನಗೆ ದಿಕ್ಕೇ ತೋಚಲಿಲ್ಲ," ಎಂದು ಅಕ್ಕ ನೆನೆಯುತ್ತಾರೆ. ಆಗ ಗುಮಾಸ್ತರನ್ನು ಕಾಡಿಬೇಡಿ, ರಿಜಿಸ್ಟರಿನಲ್ಲಿ ಸಹಿ ಹಾಕಿ, ಮೂರು ದಿನದ ಮಟ್ಟಿಗೆ ಒಂದು ದೆವ್ವದ ಕಾದಂಬರಿಯನ್ನು ಮನೆಗೆ ತಂದರು. ಮಧ್ಯಾಹ್ನ ಮಂಚದ ಪಕ್ಕ ಕುಳಿತು, ತಡವರಿಸುತ್ತಾ ಓದತೊಡಗಿದರು. ಎರಡನೇ ಪುಟದಲ್ಲಿ ಗೋಡೆಯ ಕಡೆಯಿಂದ ದನಿ ಬಂತು: "ಅದು ಶಂಸಯ ಅಲ್ಲ, ಸಂಶಯ. ಬಾಯಿ ತುಂಬ ಓದೇ." ಹತ್ತನೇ ಪುಟಕ್ಕೆ ಅತ್ತೆ ಇತ್ತ ಹೊರಳಿದರು. ಮೂವತ್ತಕ್ಕೆ ಎದ್ದು ಕುಳಿತರು. ನಲವತ್ತಕ್ಕೆ ಕಾಫಿ ಕೇಳಿದರು.

ಅಂದಿನಿಂದ ದಿನಾ ಎರಡರಿಂದ ನಾಲ್ಕೂವರೆ ಓದಿನ ಹೊತ್ತು. ಅತ್ತೆಯ ಕಟ್ಟಪ್ಪಣೆಯೊಂದಿದೆ: ದೆವ್ವದ ಪುಸ್ತಕ ಹಗಲಲ್ಲೇ ಮುಗಿಯಬೇಕು. "ಭಯಕ್ಕಲ್ಲ," ಎಂದು ಅತ್ತೆ ಗತ್ತಿನಲ್ಲಿ ಹೇಳುತ್ತಾರೆ, "ಸೊಸೆ ಹೆದರ್ಕೋತಾಳೆ ಅಂತ." ಅದೇ ಕೋಣೆಯ ಮೂಲೆಯಲ್ಲಿ ಅಕ್ಕನ ಗಂಡ ಗಿರಾಕಿಗಳ ಬಟ್ಟೆಗೆ ಇಸ್ತ್ರಿ ಹಾಕುತ್ತಿರುತ್ತಾರೆ. ತಾನು ಕೇಳಿಸಿಕೊಳ್ಳುತ್ತಿಲ್ಲ ಎಂಬುದು ಅವರ ವಾದ. ಆದರೆ ಹೋದ ತಿಂಗಳು ಒಂದು ಪ್ರೇಮ ಕಾದಂಬರಿಯ ನೂರ ಎಂಬತ್ತನೇ ಪುಟದಲ್ಲಿ ನಾಯಕಿ ರೈಲು ಹತ್ತಿ ಹೊರಟೇಬಿಟ್ಟಾಗ ವಕೀಲರ ಬಿಳಿ ಅಂಗಿಯೊಂದರ ಬೆನ್ನು ಸುಟ್ಟು ಕಂದಾಗಿತ್ತು.

ಅಕ್ಕನಿಗೆ ಪುಸ್ತಕದ ಹೆಸರು, ಬರೆದವರ ಹೆಸರು ನೆನಪಿರುವುದಿಲ್ಲ. ಗುರುತೆಲ್ಲ ಸೀಟಿನ ನಂಬರಿನದು. "ಒಂಬತ್ತನೇ ಬೋಗಿ ಹದಿನಾರು ಬಹಳ ಚೆನ್ನಾಗಿದೆ, ಎಂಟನೇ ಬೋಗಿ ಎಪ್ಪತ್ತು ಬರೀ ನೀರು," ಎನ್ನುತ್ತಾರೆ. ಇತ್ತೀಚೆಗೆ ಓದಿದವುಗಳ ಚೀಟಿಗಳನ್ನು ಗುಮಾಸ್ತರು ಒಂದೊಂದಾಗಿ ತೋರಿಸುತ್ತಾರೆ. ಒಂದು ಪತ್ತೇದಾರಿಯ ಚೀಟಿ: 'ಸತ್ತವನು ಸಾಹುಕಾರ. ಮನೆಯಲ್ಲಿ ಹನ್ನೊಂದು ಜನ, ಎಲ್ಲರಿಗೂ ಅವನ ಮೇಲೆ ಸಿಟ್ಟು. ಪತ್ತೇದಾರ ಎಲ್ಲರನ್ನೂ ಕೇಳಿದ, ಅಡುಗೆಯವಳನ್ನು ಬಿಟ್ಟು. ಅವಳನ್ನು ಕೇಳಿದ್ದರೆ ಅರವತ್ತು ಪುಟಕ್ಕೇ ಪುಸ್ತಕ ಮುಗಿಯುತ್ತಿತ್ತು.' ಬೆನ್ನಟ್ಟುವ ಕತೆಯೊಂದಕ್ಕೆ: 'ನಾಯಕ ಮೂರು ದಿನ ಓಡುತ್ತಾನೆ. ಎಲ್ಲೂ ಉಣ್ಣುವುದಿಲ್ಲ, ಬಚ್ಚಲಿಗೂ ಹೋಗುವುದಿಲ್ಲ. ಆದರೂ ಪುಸ್ತಕ ಕೆಳಗಿಡಲಾಗಲಿಲ್ಲ, ನಮ್ಮನೆ ಹಾಲು ಉಕ್ಕಿಹೋಯಿತು.' ದೆವ್ವದ್ದಕ್ಕೆ ಅತ್ತೆಯ ತೀರ್ಪು: 'ದೆವ್ವ ಬರುವ ತನಕ ಮೈ ಜುಂ ಎನ್ನುತ್ತದೆ. ಬಂದ ಮೇಲೆ ಅದಕ್ಕೆ ಬಾಯಿ ಜಾಸ್ತಿ.' ಇನ್ನು ಆ ವಕೀಲರ ಅಂಗಿ ಸುಟ್ಟ ಪ್ರೇಮ ಕಾದಂಬರಿಗೆ: 'ಇಬ್ಬರಲ್ಲೊಬ್ಬರು ಬಾಯಿಬಿಟ್ಟಿದ್ದರೆ ಇನ್ನೂರು ಪುಟ ಉಳಿಯುತ್ತಿತ್ತು. ಆದರೆ ಅವಳು ನಿಂತುಕೊಂಡೇ ಅವನ ಕೋಟಿನ ಗುಂಡಿ ಹೊಲಿದುಕೊಡುವ ಪುಟವೊಂದಿದೆ. ಅದಕ್ಕಾಗಿ ಎಲ್ಲವನ್ನೂ ಮನ್ನಿಸಿದ್ದೇನೆ.'

ಎಡವಟ್ಟೂ ಆಗಿದೆ. ಶುರುವಿನ ದಿನಗಳಲ್ಲಿ ಒಂದು ಚೀಟಿಯಲ್ಲಿ ಅಕ್ಕ ಮುಗ್ಧವಾಗಿ, 'ಕೊಂದದ್ದು ಡಾಕ್ಟರು. ಚೆನ್ನಾಗಿದೆ' ಎಂದು ಬರೆದಿದ್ದರು. ಆ ಪುಸ್ತಕ ಕಳೆದುಕೊಂಡಿದ್ದ ಗಣಿತದ ಮೇಷ್ಟ್ರೊಬ್ಬರು, ಕೊನೆ ಏನಾಯಿತೋ ಎಂದು ನಿದ್ದೆಗೆಟ್ಟು, ಎರಡು ಬಸ್ಸು ಬದಲಿಸಿ ಹುಡುಕಿಕೊಂಡು ಬಂದರು. ಚೀಟಿ ಓದಿದವರು ಅಲ್ಲೇ ಬೆಂಚಿನ ಮೇಲೆ ಕುಸಿದು ಕುಳಿತು, "ಏನ್ರಮ್ಮಾ, ನನ್ನ ಎರಡು ಬಸ್ಸಿನ ಖುಷಿ ಎಲ್ಲ ಒಂದು ಸಾಲಲ್ಲಿ ತೆಗೆದುಬಿಟ್ರಲ್ಲ!" ಎಂದರು. ಅಕ್ಕ ಅವತ್ತೇ ಶಪಥ ಮಾಡಿದರು, ಇನ್ನು ಯಾರ ಚೀಟಿಯಲ್ಲೂ ಕೊಲೆಗಾರನ ಸುಳಿವು ಕೊಡುವುದಿಲ್ಲ ಎಂದು. ಮೇಷ್ಟ್ರು ಅಂದಿನಿಂದ ಪ್ರೇಮ ಕಾದಂಬರಿಗೆ ಬದಲಾದರು. ಅದರಲ್ಲಿ ಕೊನೆ ಮೊದಲೇ ಹೇಳಿದರೂ ನಷ್ಟವಿಲ್ಲ ಎಂಬುದು ಅವರ ಲೆಕ್ಕ.

ಚೀಟಿಗಳ ಸುದ್ದಿ ದಿನಾ ಓಡಾಡುವ ಪ್ರಯಾಣಿಕರಲ್ಲಿ ಬಾಯಿಂದ ಬಾಯಿಗೆ ಹರಡಿತು. ತಿಂಗಳಿಗೆ ಹತ್ತು ಹನ್ನೆರಡು ಪುಸ್ತಕ ಸಿಗುತ್ತಿದ್ದ ಕಡೆ ಮೂವತ್ತು, ಐವತ್ತು, ಎಪ್ಪತ್ತು ಸಿಗತೊಡಗಿದವು. ಒಳಗೆ ಸಣ್ಣ ಕಾಗದ: 'ಓದಿ ಹೇಳಿ. ಮುಂದಿನ ಸೋಮವಾರ ಬರುತ್ತೇನೆ.' ಜನ ಮರೆತು ಹೋಗುತ್ತಿರಲಿಲ್ಲ, ಬೇಕೆಂದೇ ಬಿಟ್ಟು ಹೋಗುತ್ತಿದ್ದರು. ಅಕ್ಕನಿಗೆ ಒಳಗೊಳಗೇ ಹಿಗ್ಗು. ಆ ಹಿಗ್ಗಿಗೆ ಕಲ್ಲು ಬಿದ್ದದ್ದು ಕಳೆದ ವರ್ಷ, ಯಾರೋ ಆರನೇ ಬೋಗಿಯ ಸೀಟಿನಡಿ ಜಿಪ್ಪು ಹಾಕಿದ ಒಂದು ಕಪ್ಪು ಬ್ಯಾಗನ್ನೇ ಬಿಟ್ಟು ಹೋದಾಗ. ವಾರಸುದಾರರಿಲ್ಲದ ಬ್ಯಾಗು! ಸೀಟಿ ಊದಿದರು, ಯಾರ್ಡು ಖಾಲಿ ಮಾಡಿಸಿದರು, ಪೊಲೀಸರು ಬಂದರು, ನಾಯಿ ಬಂತು. ರೈಲು ಐವತ್ತು ನಿಮಿಷ ತಡ. ಕೊನೆಗೆ ಬ್ಯಾಗಿನಿಂದ ಹೊರಬಂದದ್ದು ಹನ್ನೊಂದು ಪ್ರೇಮ ಕಾದಂಬರಿಗಳು, ಮೇಲೊಂದು ಕಾಗದ: 'ಅವಸರವಿಲ್ಲ, ನಿಧಾನವಾಗಿ ಓದಿ.'

ಪೊಲೀಸರು ನಕ್ಕರು, ಮೇಲಧಿಕಾರಿಗಳು ನಗಲಿಲ್ಲ. ವಿಚಾರಣೆ ಮುಗಿಯುವ ತನಕ ಕೆಲಸಕ್ಕೆ ಬರುವುದು ಬೇಡ ಎಂದು ಗುತ್ತಿಗೆದಾರ ಅಕ್ಕನನ್ನು ಮನೆಗೆ ಕಳಿಸಿದ. ಕೈಯಲ್ಲಿದ್ದ ಪುಸ್ತಕವನ್ನೂ ವಾಪಸು ಕೊಟ್ಟು ಬರಬೇಕಾಯಿತು. "ಹದಿನಾಲ್ಕು ವರ್ಷದಲ್ಲಿ ಐದು ಗಂಟೆಗೆ ನಾನು ಮನೇಲಿದ್ದದ್ದು ಆಗಲೇ. ಏನು ಮಾಡ್ಬೇಕು ಅಂತ್ಲೇ ಗೊತ್ತಾಗ್ತಿರಲಿಲ್ಲ. ಮನೇನೇ ಎರಡೆರಡು ಸಲ ಗುಡಿಸ್ತಿದ್ದೆ," ಎನ್ನುವಾಗ ಅಕ್ಕನ ದನಿ ಇಳಿಯುತ್ತದೆ. ಇಂಥ ಕೆಲಸಕ್ಕೆ ಬೆಳಗಾಗುವುದರೊಳಗೆ ಇನ್ನೊಬ್ಬರು ಸಿಗುತ್ತಾರೆಂಬುದು ಅವರಿಗೆ ಗೊತ್ತಿತ್ತು. ಗಂಡ ಇಸ್ತ್ರಿಗೆ ಇನ್ನೆರಡು ಬೀದಿಯ ಬಟ್ಟೆ ಒಪ್ಪಿಕೊಂಡು ಬಂದರು. ಅತ್ತೆ ಮಾತ್ರ ಕೆಂಡವಾಗಿದ್ದರು: "ನೂರ ನಲವತ್ತನೇ ಪುಟದಲ್ಲಿ ಬಾವಿಯಿಂದ ಕೈ ಹೊರಗೆ ಬಂದಿದೆ. ಕೈ ಬಂದ ಮೇಲೆ ಇಷ್ಟು ದಿನ ಕಾಯ್ಸೋದು ಯಾವ ನ್ಯಾಯ?"

ಹನ್ನೆರಡನೇ ದಿನ ಬೆಳಿಗ್ಗೆ ವಿಚಾರಣೆಗೆ ಕರೆ ಬಂತು. ಮೇಜಿನಾಚೆ ಹಿರಿಯ ಅಧಿಕಾರಿಣಿ, ಈಚೆ ಇಸ್ತ್ರಿ ಮಾಡಿದ ಸೀರೆಯುಟ್ಟು ನಿಂತ ಅಕ್ಕ. "ಪ್ರಯಾಣಿಕರಿಗೆ ಪುಸ್ತಕ ಬಿಟ್ಟುಹೋಗಿ ಅಂತ ನೀವು ಹೇಳಿದ್ರಾ?" ಎಂದು ಕೇಳಿದರು ಅಧಿಕಾರಿಣಿ. "ಇಲ್ಲಮ್ಮ. ಆದರೆ ಬಿಡಬೇಡಿ ಅಂತಾನೂ ಹೇಳಲಿಲ್ಲ. ಅದು ನನ್ನ ತಪ್ಪೇ," ಎಂದರು ಅಕ್ಕ.

ಆಗ ಬಾಗಿಲಲ್ಲಿ ಕೆಮ್ಮು ಕೇಳಿಸಿತು. ಟೈಮ್ ಟೇಬಲ್ ಬಿಟ್ಟು ಬೇರೇನೂ ಓದದ, ಯಾರೆದುರೂ ದನಿ ಎತ್ತದ ಗುಮಾಸ್ತರು ಎರಡು ದಪ್ಪ ರಿಜಿಸ್ಟರುಗಳನ್ನು ಎದೆಗವಚಿಕೊಂಡು ಒಳಗೆ ಬಂದರು. "ವಿವರ ಬರಿ ಅಂತ ಪೆನ್ನು ಕೊಟ್ಟವನು ನಾನು, ಮೇಡಂ. ಮೆಮೊ ಕೊಡೋದಾದ್ರೆ ನನ್ನ ಹೆಸರಿಗೆ ಕೊಡಿ. ಅದಕ್ಕೆ ಮುಂಚೆ ಇದೊಂದು ನೋಡಿಬಿಡಿ." ಅವರು ಬೆರಳಿಟ್ಟು ತೋರಿಸಿದರು. ಮೊದಲು ಹತ್ತು ಪುಸ್ತಕ ಸಿಕ್ಕರೆ ವಾರಸುದಾರರಿಗೆ ತಲುಪುತ್ತಿದ್ದದ್ದು ಎರಡು, ಉಳಿದದ್ದು ರದ್ದಿಗೆ. ಚೀಟಿ ಶುರುವಾದ ಮೇಲೆ ಎಂಟು. "ಛತ್ರಿ, ಕನ್ನಡಕ ಯಾವುದೂ ಹೀಗೆ ಮನೆ ಸೇರಿಲ್ಲ ಮೇಡಂ."

ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದ ಗಣಿತದ ಮೇಷ್ಟ್ರೂ ಎದ್ದು ಬಂದರು. ಕಿವಿಯವರೆಗೂ ಕೆಂಪಾಗಿತ್ತು ಮುಖ. "ಆ ಹನ್ನೊಂದೂ ನನ್ನವು. ಒಂದೊಂದಾಗಿ ಬಿಡೋದಕ್ಕೆ ನಾಚಿಕೆಯಾಗಿ ಬ್ಯಾಗಲ್ಲಿ ಹಾಕಿಬಿಟ್ಟೆ. ತಪ್ಪು ನಂದು, ದಂಡ ಹಾಕಿ. ಆದರೆ ನಮ್ಮ ಶಾಲೆಗೆ ಮಾತ್ರ ತಿಳಿಸಬೇಡಿ," ಎಂದು ಕೈಮುಗಿದರು.

ಅಧಿಕಾರಿಣಿ ರಿಜಿಸ್ಟರನ್ನು ಬಹಳ ಹೊತ್ತು ತಿರುವಿದರು. ನಡುವೆ ಒಮ್ಮೆ ತುಟಿ ಕಚ್ಚಿ ನಗು ತಡೆದದ್ದನ್ನು ಅಕ್ಕ ನೋಡಿದ್ದಾರಂತೆ. ಕೊನೆಗೆ ಆದೇಶ ಹೊರಬಿತ್ತು: ರೈಲಿನಲ್ಲಿ ಯಾರೂ ಬೇಕೆಂದು ಪುಸ್ತಕ ಬಿಡಕೂಡದು. ಕೊಡುವವರು ಕಳೆದ ವಸ್ತುಗಳ ಕಚೇರಿಗೆ ತಂದು ಕೊಡಲಿ. ಪ್ರಯಾಣಿಕರ ತಂಗುಕೋಣೆಯಲ್ಲಿ ಪಾರ್ಸೆಲ್ ವಿಭಾಗದ ಹಳೆಯ ಕಬ್ಬಿಣದ ರ‍್ಯಾಕೊಂದನ್ನು ಇಡತಕ್ಕದ್ದು. ಚೀಟಿ ಸಮೇತ ಪುಸ್ತಕಗಳು ಅಲ್ಲಿರಲಿ. ಅಕ್ಕ ಮರುದಿನದಿಂದಲೇ ಕೆಲಸಕ್ಕೆ ಹಾಜರಾಗಲಿ.

ಈಗ ರ‍್ಯಾಕಿನಲ್ಲಿ ನಾಲ್ಕು ಅಂತಸ್ತು: ಕೊಲೆ, ಓಟ, ದೆವ್ವ, ಪ್ರೀತಿ. ರೈಲು ತಡವಾದರೆ ಜನ ಈಗ ಕೂಗಾಡುವುದು ಕಡಿಮೆ. ಕೆಲವರು ಪುಸ್ತಕ ಮುಟ್ಟದೆ ಬರೀ ಚೀಟಿಗಳನ್ನೇ ಓದಿ ನಕ್ಕು ಹೋಗುತ್ತಾರೆ. ಇಷ್ಟರಲ್ಲಿ ಆರುನೂರು ಚೀಟಿಗಳಾಗಿವೆ. ಒಂದು ಕಾದಂಬರಿ ಬರೆದವರೇ ಒಮ್ಮೆ ಬಂದಿದ್ದರಂತೆ. ತಮ್ಮ ಪುಸ್ತಕದ ಚೀಟಿಯಲ್ಲಿ, 'ಕೊನೆಯ ಮೂವತ್ತು ಪುಟ ಬರೆಯುವಾಗ ಇವರಿಗೆ ಎಲ್ಲಿಗೋ ಹೊರಡುವ ಅವಸರವಿತ್ತು' ಎಂದಿದ್ದನ್ನು ಓದಿ, "ನಿಜ ಕಣಮ್ಮ, ಮಗಳ ಮದುವೆ ಇತ್ತು," ಎಂದು ಒಪ್ಪಿಕೊಂಡರಂತೆ. ಅಕ್ಕ ಅವರಿಗೆ ಸಮಾಧಾನವನ್ನೂ ಹೇಳಿದ್ದಾರೆ: "ಮದುವೆ ಚೆನ್ನಾಗಿ ಆಯ್ತಲ್ಲ, ಬಿಡಿ ಸ್ವಾಮಿ. ಮುಂದಿನ ಪುಸ್ತಕ ನಿಧಾನಕ್ಕೆ ಬರೀರಿ."

ಅಷ್ಟು ಪುಸ್ತಕಗಳನ್ನು ಹೊತ್ತು ತಂದ ಈ ರೈಲಿನಲ್ಲಿ ಅಕ್ಕ ಒಂದು ಸಲವೂ ಪ್ರಯಾಣ ಮಾಡಿಲ್ಲ. ಯಾರ್ಡಿನಲ್ಲಿ ಹತ್ತಿ ಯಾರ್ಡಿನಲ್ಲೇ ಇಳಿದಿದ್ದಾರೆ. ಆಸೆಯೇನಾದರೂ ಇದೆಯೇ ಎಂದು ಕೇಳಿದರೆ, ಕಿಟಕಿಯ ಗಾಜು ಒರೆಸುತ್ತಲೇ ಹೇಳುತ್ತಾರೆ: "ಒಂದ್ಸಲ ಟಿಕೆಟ್ ತಗೊಂಡು, ಅತ್ತೆ ಪಕ್ಕ ಕೂತ್ಕೊಂಡು ಆ ತುದಿ ತನಕ ಹೋಗ್ಬೇಕು. ದಾರಿಯುದ್ದಕ್ಕೂ ಅವರಿಗೆ ಓದಿ ಹೇಳ್ಬೇಕು. ಅಲ್ಲೂ ನನ್ನ ಹಾಗೆ ಒಬ್ಬಳು ಬೋಗಿ ಗುಡಿಸ್ತಿರ್ತಾಳಲ್ಲ, ಅವಳನ್ನ ಹುಡುಕಿ ಒಂದು ಪುಸ್ತಕ ಕೈಲಿಟ್ಟು ಬರ್ಬೇಕು."

ಯಾವ ಪುಸ್ತಕ?

ಅಕ್ಕ ಬಟ್ಟೆ ಹಿಂಡಿ, ಬಕೆಟ್ಟಿನ ಅಂಚಿಗೆ ಹರವಿ, ಪ್ರಶ್ನೆ ಕೇಳಿದವರನ್ನೇ ಒಮ್ಮೆ ದಿಟ್ಟಿಸುತ್ತಾರೆ.

"ಒಳ್ಳೇದನ್ನೇ. ಓದಕ್ಕಾಗದ್ದನ್ನ ಬಿಟ್ಟುಹೋಗೋರು ಬೇಕಾದಷ್ಟು ಜನ ಇದ್ದಾರೆ."