ಹೇಳದೆ ಬಂದ ಇಪ್ಪತ್ತೆರಡು ಮಂದಿ

೨೦೨೩ನೆಯ ಇಸವಿ, ನನಗಾಗ ಐವತ್ತೆರಡು ವರ್ಷ. ಮಲ್ಲೇಶ್ವರದ ಶಾಲೆಯೊಂದರಲ್ಲಿ ಇಪ್ಪತ್ತನಾಲ್ಕು ವರ್ಷ ಇಂಗ್ಲಿಷ್ ವ್ಯಾಕರಣ ಕಲಿಸಿ, ಆ ಕೆಲಸ ಬಿಟ್ಟು, ಪಠ್ಯಪುಸ್ತಕಗಳ ಕರಡು ತಿದ್ದುತ್ತಿದ್ದೆ. ತಿಂಗಳಿಗೊಂದು ‘ಸರ್‌ಪ್ರೈಸ್ ಟೆಸ್ಟ್’ ಕೊಡುವುದು ತರಗತಿಯಲ್ಲಿ ನನ್ನ ಪದ್ಧತಿಯಾಗಿತ್ತು. ಆದಕಾರಣ, ಆ ಪದವನ್ನು ನನ್ನಷ್ಟು ಬಲ್ಲವರು ವಿರಳ ಎಂದೇ ತಿಳಿದಿದ್ದೆ.

ಆ ಮೇ ಕೊನೆಯಲ್ಲಿ ನನ್ನ ಅಕ್ಕ ಸರ್ಕಾರಿ ಕಚೇರಿಯಿಂದ ನಿವೃತ್ತಳಾದಳು. ಎಂಟು ವರ್ಷ ದೊಡ್ಡವಳು. ನನಗೆ ಅಕ್ಷರ ತಿದ್ದಿಸಿದವಳು. ಮದುವೆಯಾಗಿ ಚಾಮರಾಜಪೇಟೆ ಸೇರಿದ ಮೇಲೂ ಪ್ರತಿ ಭಾನುವಾರ ಬೆಳಿಗ್ಗೆ ಎಂಟಕ್ಕೆ ಅವಳ ಫೋನು ಬರುವುದು ತಪ್ಪಿರಲಿಲ್ಲ. ಬೀಳ್ಕೊಡುಗೆ ಬೇಡವೆಂದು ಅವಳು ಕಚೇರಿಯವರಿಗೆ ಹೇಳಿದ್ದರಿಂದ ಆ ಕೊರತೆಯನ್ನು ನಾನು ತುಂಬಲು ಹೊರಟೆ. ಶುಕ್ರವಾರ, ಜೂನ್ ಎರಡು. ಹತ್ತು ಐವತ್ತೈದಕ್ಕೆ ಅವಳ ಬೀದಿಯ ತಿರುವಿನಲ್ಲಿ ಸೇರುವುದು. ಹನ್ನೊಂದಕ್ಕೆ ಕರೆಗಂಟೆ ಒತ್ತುವುದು. ನೆಂಟರು, ಅವಳ ಸಹೋದ್ಯೋಗಿಗಳು ಸೇರಿ ಇಪ್ಪತ್ತೆರಡು ಮಂದಿಗೂ ಟೈಮ್‌ಟೇಬಲ್ ಕಳುಹಿಸಿದ್ದೆ. ಭಾವನವರಿಗೂ ಗುಟ್ಟು ಬಿಟ್ಟುಕೊಟ್ಟಿರಲಿಲ್ಲ.

ಹನ್ನೊಂದಕ್ಕೆ ಬಾಗಿಲು ತೆರೆಯಿತು. ಅಕ್ಕನ ತಲೆಯಿಂದ ಹರಳೆಣ್ಣೆ ಇಳಿಯುತ್ತಿತ್ತು. ಹೆಗಲ ಮೇಲೆ ಹಳೆಯ ಟವೆಲ್ಲು, ಹಣೆ ಬರಿದು. ಶುಕ್ರವಾರ ಹೆಂಗಸರ ಎಣ್ಣೆಸ್ನಾನದ ದಿನ. ಕೆಲಸಕ್ಕೆ ಸೇರಿದಂದಿನಿಂದ ಅದನ್ನು ಸಾವಕಾಶವಾಗಿ ಮಾಡಲಾಗದಿದ್ದ ಅವಳಿಗೆ ಅದು ಮೊದಲ ಬಿಡುವಿನ ಶುಕ್ರವಾರ. ನಾನು ಲೆಕ್ಕಕ್ಕೆ ಹಿಡಿಯದೆ ಹೋದದ್ದು ಅದೊಂದನ್ನೇ.

“ಬನ್ನಿ, ಒಳಗೆ ಬನ್ನಿ” ಎಂದು ಅವಳು ಎಲ್ಲರನ್ನೂ ಕರೆದಳು. ಎಣ್ಣೆ ಹಚ್ಚಿದ ಅದೇ ಕೈಯಲ್ಲಿ ಅಷ್ಟೂ ಜನಕ್ಕೆ ಕಾಫಿ ಬೆರೆಸಿದಳು, ನಾವು ತಂದಿದ್ದ ಕೇಕನ್ನೂ ಕತ್ತರಿಸಿದಳು. ಆದರೆ ತಲೆಗೆ ಎಣ್ಣೆಯಿಟ್ಟುಕೊಂಡು ಕುಂಕುಮದ ತಟ್ಟೆ ಮುಟ್ಟುವಂತಿಲ್ಲ. ಬಂದವರಲ್ಲಿ ಹದಿನಾಲ್ವರು ಹೆಂಗಸರು ಅವಳ ಮನೆಯಿಂದ ಕುಂಕುಮವಿಲ್ಲದೆ, ಶುಕ್ರವಾರದ ದಿನ, ಹೊರಟುಹೋದರು. ಗೇಟಿನ ಬಳಿ ಅವಳು ನನ್ನ ಮುಖ ನೋಡದೆ, “ನೀನೂ ಹೊರಡು” ಎಂದಳು.

ಮನೆಗೆ ಬಂದು ದೊಡ್ಡ ನಿಘಂಟು ತೆಗೆದೆ. ಸರ್‌ಪ್ರೈಸ್ ಇಂಗ್ಲಿಷಿಗೆ ಬಂದದ್ದು ಹಳೆಯ ಫ್ರೆಂಚಿನಿಂದ. ಮೂಲದಲ್ಲಿ ಅದು ‘ಮೇಲೆ ಬಿದ್ದು ಹಿಡಿಯುವುದು’. ಇಂಗ್ಲಿಷಿನಲ್ಲೂ ಅದು ಮೊದಲು ಸೈನಿಕರ ಮಾತು: ಸಿದ್ಧವಿಲ್ಲದ ಕೋಟೆಗೆ ನುಗ್ಗುವುದು. ಬೆರಗಿನ ಅರ್ಥ ಆಮೇಲೆ ಬಂತು. ಉಡುಗೊರೆ, ಸಂತೋಷಕೂಟಗಳದ್ದು ತೀರ ಈಚಿನದು. ಇದನ್ನು ಅಕ್ಕನಿಗೆ ವಿವರಿಸಿದರೆ ನನ್ನ ಉದ್ದೇಶ ಹೊಸ ಅರ್ಥದ್ದೆಂದು ಅವಳಿಗೆ ತಿಳಿದೀತು ಎಂದುಕೊಂಡು ಫೋನು ಮಾಡಿದೆ. ಫ್ರೆಂಚನ್ನು ದಾಟಿ ಇಂಗ್ಲಿಷಿಗೆ ಬರುವಷ್ಟರಲ್ಲಿ ಅವಳು ಫೋನು ಇಟ್ಟಿದ್ದಳು.

ಭಾನುವಾರ ಎಂಟಕ್ಕೆ ಫೋನು ಬರಲಿಲ್ಲ; ಮುಂದಿನ ಭಾನುವಾರವೂ ಇಲ್ಲ. ನಾಲ್ಕು ತಿಂಗಳು ಹೀಗೆಯೇ ಕಳೆದವು. ಸೆಪ್ಟೆಂಬರ್ ಕೊನೆಗೆ ನನ್ನ ಹೆಂಡತಿ ಹೇಳಿದಳು:

“ಈ ಸಲ ದಸರಾ ಗೊಂಬೆಗೆ ಹಲಗೆ ಜೋಡ್ಸೋಕೆ ಕಾರ್ಪೆಂಟರ್‌ಗೆ ಹೇಳ್ತಾರಂತೆ.”

“ಅಕ್ಕ ಹೇಳಿದ್ಲಾ?”

“ಹೂಂ. ನಿಮಗೆ ಹೇಳು ಅಂತ ಹೇಳ್ಲಿಲ್ಲ. ನಾನಾಗೇ ಹೇಳ್ತಿದೀನಿ.”

ಅಕ್ಕನ ಮನೆಯ ಗೊಂಬೆಗಳ ಒಂಬತ್ತು ಮೆಟ್ಟಿಲುಗಳನ್ನು ಪ್ರತಿ ವರ್ಷ ಜೋಡಿಸುತ್ತಿದ್ದವನು ನಾನು. ಅದೂ ಕೈಬಿಟ್ಟರೆ ಆ ಮನೆಗೆ ಹೋಗಲು ನನಗೆ ನೆಪವೇ ಉಳಿಯುತ್ತಿರಲಿಲ್ಲ. ಅಂದೇ ಒಂದು ಕಾರ್ಡು ಬರೆದೆ: ‘ಬರುವ ಬುಧವಾರ ಸಂಜೆ ಐದು ಗಂಟೆಗೆ, ನಾನೊಬ್ಬನೇ, ಬರುತ್ತೇನೆ. ಬೇಡವಾದರೆ ತಿಳಿಸು.’ ಉತ್ತರ ಬರಲಿಲ್ಲ, ಹೋದೆ. ಅಕ್ಕ ಮೈಸೂರು ಸಿಲ್ಕ್ ಉಟ್ಟು, ಹೂ ಮುಡಿದು ಬಾಗಿಲಲ್ಲೇ ನಿಂತಿದ್ದಳು. ಉಪ್ಪಿಟ್ಟಿನ ತಟ್ಟೆ ಮುಂದಿಟ್ಟಳು.

“ಪದದ ತಪ್ಪಲ್ಲ ಅಕ್ಕ, ನನ್ನದೇ” ಎಂದೆ.

“ಎಣ್ಣೆ ತಲೆ ನೋಡಿದ್ರಲ್ಲಾಂತ ನನಗೆ ಬೇಜಾರಿಲ್ಲ ಕಣೋ. ಒಬ್ಬ ಅತಿಥಿ ಹೇಳ್ದೆ ಬರಬಹುದು. ನೀನು ದಂಡು ಕಟ್ಕೊಂಡ್ ಬಂದೆ. ಹದಿನಾಲ್ಕು ಜನ ಬರೀ ಕೈಲಿ ಹೋದ್ರು.”

“ಈಗೇನು ಮಾಡ್ಲಿ?”

“ಗೊಂಬೆ ನೋಡೋಕೆ ಅವರನ್ನೆಲ್ಲ ಕರೀಬೇಕು. ಮನೆಮನೆಗೆ ಹೋಗಿ, ಕುಂಕುಮ ಕೊಟ್ಟು. ನೀನೂ ನನ್ಜೊತೆ ಬರ್ತೀಯ. ಲಿಸ್ಟ್ ಇದೆ ತಾನೆ?”

ಲಿಸ್ಟ್ ನನ್ನ ಜೇಬಿನಲ್ಲೇ ಇತ್ತು. ಅಕ್ಕ ಕುಂಕುಮದ ಭರಣಿ ಹಿಡಿದು ಮುಂದೆ, ನಾನು ಚೀಲ ಹಿಡಿದು ಹಿಂದೆ. ಗವಿಪುರದಲ್ಲಿ ಐದು ಮನೆ, ಮತ್ತಿಕೆರೆಯಲ್ಲಿ ಎರಡು, ಉಳಿದವು ಅಲ್ಲಲ್ಲಿ. ಪ್ರತಿ ಹೊಸ್ತಿಲಲ್ಲೂ ದಿನ, ವೇಳೆಗಳನ್ನು ಸ್ಪಷ್ಟವಾಗಿ ಹೇಳುವ ಹೊಣೆ ನನ್ನದು. ಶ್ರೀರಾಂಪುರದಲ್ಲಿ ಅಕ್ಕನ ಹಳೆಯ ಸಹೋದ್ಯೋಗಿಯೊಬ್ಬರು ಕುಂಕುಮವಿಟ್ಟುಕೊಳ್ಳುತ್ತ, “ಏನ್ ಸಾರ್, ಈ ಸಲ ರೇಡ್ ಇಲ್ವಾ?” ಎಂದರು. ಜೂನ್ ತಿಂಗಳಿಂದೀಚೆಗೆ ಅಕ್ಕ ನನ್ನೆದುರು ನಕ್ಕದ್ದು ಅಲ್ಲಿಯೇ ಮೊದಲು. ಹಲಗೆಗಳನ್ನು ನಾನೇ ಜೋಡಿಸಿದೆ. ಕಾರ್ಪೆಂಟರನ ಮಾತು ಮತ್ತೆ ಬರಲಿಲ್ಲ.

ನವರಾತ್ರಿಯ ಶುಕ್ರವಾರ ಹದಿನಾಲ್ವರೂ ಬಂದರು. ಅಕ್ಕ ಬೆಳಿಗ್ಗೆ ಆರಕ್ಕೇ ಎಣ್ಣೆಸ್ನಾನ ಮುಗಿಸಿದ್ದಳು. ಒಬ್ಬೊಬ್ಬರೂ ಕುಂಕುಮ, ಎಲೆ ಅಡಿಕೆ, ರವಿಕೆ ಕಣ ಪಡೆದಂತೆ ನಾನು ಪಟ್ಟಿಯಲ್ಲಿ ಗುರುತು ಹಾಕುತ್ತಿದ್ದೆ. ಕೊನೆಯವರು ಮೆಟ್ಟಿಲಿಳಿದ ಮೇಲೆ ಅವಳು ಪಟ್ಟಿಯನ್ನು ಇಸಿದುಕೊಂಡು ಮೇಲಿನಿಂದ ಕೆಳಗಿನವರೆಗೆ ನೋಡಿದಳು.

“ಸರಿಯಾಯ್ತು. ನಾಡಿದ್ದು ಎಂಟಕ್ಕೆ ಫೋನ್ ಮಾಡ್ತೀನಿ, ಎದ್ದಿರು.”

ಅಂದು ೨೦೨೩ನೆಯ ಇಸವಿ ಅಕ್ಟೋಬರ್ ಇಪ್ಪತ್ತು.