ಒಂದು ಚಮಚ ಹೆಪ್ಪು

ಗಾಳಿಯಂತ್ರ ರಿಪೇರಿ ಕೆಲಸಕ್ಕೆಂದು ಹೊಸದುರ್ಗದಲ್ಲಿ ಒಬ್ಬನೇ ಬಾಡಿಗೆ ರೂಮಿನಲ್ಲಿದ್ದೆ. ಹಲ್ಲಿನ ಕೀವಿಗೆ ಆ್ಯಂಟಿಬಯಾಟಿಕ್ ನುಂಗಿದ ಮೇಲೆ ಭೇದಿ ಹತ್ತಿಕೊಂಡಿತು.

"ಮಾತ್ರೆ ಹೊಟ್ಟೇಲಿರೋ ಒಳ್ಳೆ ಬ್ಯಾಕ್ಟೀರಿಯಾನೂ ಸಾಯ್ಸೈತೆ. ಅವು ಇದ್ರೆ ಕೆಟ್ಟವಕ್ಕೆ ಜಾಗ ಸಿಗಲ್ಲ. ಮನೇಲೇ ಹೆಪ್ಪಾಕಿದ ಮೊಸರು ಉಣ್ರಿ" ಎಂದರು ಡಾಕ್ಟರು.

ಹೆಪ್ಪಿಗೆಂದು ಮೊದಲ ಸಲ ಪಕ್ಕದ ಮನೆಯ ಬಾಗಿಲು ತಟ್ಟಿದೆ. ಅಜ್ಜಿಯೊಬ್ಬರು ಇಣುಕಿದರು.

"ಯಾರಪ್ಪ ನೀನು?"

"ಪಕ್ಕದ ರೂಮಿನವನು ಅಜ್ಜಿ. ಬಂದು ವರ್ಷ ಆಯ್ತು."

"ಅಯ್ಯೋ, ಅದು ಖಾಲಿ ಐತೆ ಅಂದ್ಕಂಡಿದ್ನಲ್ಲಪ್ಪ!" ಎನ್ನುತ್ತ ಒಂದು ಚಮಚ ಮೊಸರು ಕೊಟ್ಟು, ಹಾಲು ಉಗುರುಬೆಚ್ಚಗಿರಬೇಕೆಂದು ಹೇಳಿಕೊಟ್ಟರು.

ಹೊಟ್ಟೆಯೇನೋ ಸರಿಹೋಯಿತು. ಆದರೆ ಮೊಸರಿನ ಗುಣವೇ ಹಾಗೆ, ನಿನ್ನೆಯದೇ ಇವತ್ತಿಗೆ ಹೆಪ್ಪಾಗುತ್ತದೆ. ಆ ಬಾಗಿಲು ತಟ್ಟಲು ಮತ್ತೆ ನೆಪವೇ ಸಿಗದೆ, ಮೊನ್ನೆ ಹೆಪ್ಪಿಗೂ ಉಳಿಯದಂತೆ ಪೂರ್ತಿ ಬಳಿದು ತಿಂದುಬಿಟ್ಟೆ.